ಬುಸ್ ಎಂದ ಪೀಪಾಯಿಗೆ ಸ್ಪ್ಯಾನರ್ ಹಾಕಿದ ರಾಣಿ

ಒಂದು ಗಂಭೀರ ಸಂಗತಿಯನ್ನು ಇಲ್ಲಿ ದಾಖಲಿಸಬೇಕಾಗಿದೆ. ಜರ್ಮನಿಯಿಂದ ವಲಸೆ ಬಂದವರು ನೆಲೆಸಿದ ನಮ್ಮ ಇತಾಜಾಯಿ ಕಣಿವೆಯ ಚರಿತ್ರೆ ಬರೆಯುವವರು ನೆರೆಗಳ ಬಗ್ಗೆ ಬರೆಯುತ್ತಾರೆ, ಜವಳಿ ಗಿರಣಿಗಳು ಎದ್ದದ್ದನ್ನೂ ಮುಚ್ಚಿದ್ದನ್ನೂ ಬರೆಯುತ್ತಾರೆ, ಚರ್ಚಿನ ಗಂಟೆ ಜರ್ಮನಿಯಿಂದ ಹಡಗು ಹತ್ತಿ ಬಂದ ಕತೆಗೆ ಎರಡು ಪುಟ ಮೀಸಲಿಡುತ್ತಾರೆ. ಉಕ್ಕಿನ ಬಿಯರ್ ಪೀಪಾಯಿಯೊಳಗೆ ಇಳಿಬಿಟ್ಟಿರುವ ಕೊಳವೆಯ ಒಳಮೈಯನ್ನು ಯಾರು, ಯಾವಾಗ, ಯಾವ ಬ್ರಷ್ಷಿನಿಂದ ಉಜ್ಜಿದರು ಎಂಬುದರ ಬಗ್ಗೆ ಅವರಲ್ಲಿ ಒಂದು ಸಾಲೂ ಸಿಗುವುದಿಲ್ಲ. ಇದು ದೊಡ್ಡ ಲೋಪ. ನೆರೆ ಬಂದಾಗ ನಮ್ಮೂರಿನವರು ಒಬ್ಬರ ಮಾಳಿಗೆಯಲ್ಲಿ ಇನ್ನೊಬ್ಬರು ಮಲಗಿದ್ದಾರೆ. ಕೊಳವೆಯ ವಿಷಯ ಬಂದಾಗ ಮಾತ್ರ ಒಡಹುಟ್ಟಿದವರು ಮುಖ ತಿರುಗಿಸಿಕೊಂಡರು.

ಕೊಳವೆಗಿಂತ ಮೊದಲು ರಾಣಿಯ ವಿಷಯ ಹೇಳಬೇಕು. ನಮ್ಮ ಗುರಿಕಾರರ ಸಂಘ ವರ್ಷಕ್ಕೊಮ್ಮೆ ಬಂದೂಕಿನ ಪಂದ್ಯ ನಡೆಸುತ್ತದೆ. ಗೆದ್ದ ಗಂಡಸು ಆ ವರ್ಷದ ರಾಜ, ಗೆದ್ದ ಹೆಂಗಸು ರಾಣಿ. ಹಬ್ಬದ ಭಾನುವಾರ ಸಂಘದವರೆಲ್ಲ ಹಸಿರು ಕೋಟು ತೊಟ್ಟು, ಬ್ಯಾಂಡಿನ ಹಿಂದೆ ಹೆಜ್ಜೆ ಹಾಕಿ, ಅವರನ್ನು ಅವರವರ ಮನೆಯಿಂದಲೇ ಕರೆತರಬೇಕು. ಕರೆಯಲು ಬಂದವರ ಗಂಟಲು ಒಣಗದಂತೆ ನೋಡಿಕೊಳ್ಳುವುದು ಆ ಮನೆಯವರ ಮರ್ಯಾದೆ. ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಹಳೆ ಊದುವವನು ನಾನಾದ್ದರಿಂದ ಈ ಮರ್ಯಾದೆಯನ್ನು ಅಳೆಯುವ ಅಧಿಕಾರ ನನಗೆ ತಕ್ಕಮಟ್ಟಿಗೆ ಇದೆ.

ಆ ವರ್ಷದ ರಾಣಿ ನನ್ನ ಎದುರು ಮನೆಯ ಇರಾಸಿ. ಮೂಲೆಯ ಬೇಕರಿ ಅವಳದು. ಅವಳು ಮಾಡುವ ಬಾಳೆಹಣ್ಣಿನ ಕೂಕಾ ರೊಟ್ಟಿ ಶನಿವಾರ ಹತ್ತು ಗಂಟೆಯ ಮೇಲೆ ಹೋದರೆ ಸಿಗುವುದಿಲ್ಲ. ಹಿತ್ತಲ ಅಡುಗೆಮನೆಯಲ್ಲಿ ಬಹಳ ವರ್ಷಗಳಿಂದ ಬಿಯರನ್ನೂ ಮಾಡುತ್ತಿದ್ದಳು, ಅದೂ ಕೂಕಾದಷ್ಟೇ ಚೆನ್ನಾಗಿ. ಕುಡಿದು ಗೊತ್ತಿದ್ದವರು ಮಾತ್ರ ಅವಳ ಗಂಡ ಲಾವ್ರೊ, ನಾನು, ಇನ್ನೊಂದಿಬ್ಬರು ನೆರೆಯವರು. ಪದಕ ಕೊರಳಿಗೆ ಬಿದ್ದ ದಿನವೇ ಅವಳು ಎಲ್ಲರ ಮುಂದೆ ಹೇಳಿಬಿಟ್ಟಳು, ಈ ಸಲ ನನ್ನ ಮನೆಗೆ ಬಂದವರು ನಾನು ಮಾಡಿದ್ದನ್ನೇ ಕುಡಿಯುತ್ತಾರೆ ಎಂದು.

ಇದು ಅದೆಮಾರ್‌ಗೆ ಹಿಡಿಸಲಿಲ್ಲ. ಅದೆಮಾರ್ ಲಾವ್ರೊನ ಅಣ್ಣ, ಟೈರ್ ಅಂಗಡಿಯ ಯಜಮಾನ, ಮೂರು ಸಲದ ರಾಜ. ಯಾರೇ ರಾಜನಾಗಲಿ, ಯಾರೇ ರಾಣಿಯಾಗಲಿ, ಮೆರವಣಿಗೆಯ ಬಿಯರನ್ನು ಕಾರ್ಖಾನೆಯಿಂದ ತರಿಸುವವನು ಅವನೇ. ತರಿಸಿ, ಅಂಗಳದ ನಡುವೆ ನಿಲ್ಲಿಸಿ, ನಲ್ಲಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತುಕೊಳ್ಳುತ್ತಿದ್ದ. ಬಂದವರು ರಾಣಿಗೆ ಟೋಪಿ ಎತ್ತುತ್ತಿದ್ದರು, ಅದೆಮಾರ್‌ಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಇರಾಸಿ ಇದನ್ನು ವರ್ಷವರ್ಷವೂ ನೋಡಿದ್ದಳು. ಗುರಿ ಹೊಡೆದದ್ದು ನಾನು, ನಲ್ಲಿ ಹತ್ತಿರ ನಿಲ್ಲೋದೂ ನಾನೇ ಎಂದು ನನ್ನ ಬಳಿ ಅಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅಡ್ಡಿ ಒಂದೇ. ಅವಳ ಸ್ವಂತ ಪೀಪಾಯಿ ಇದ್ದದ್ದು ಒಂದು, ಬೇಕಾಗಿದ್ದದ್ದು ಐದು. ಮನೆಯಲ್ಲಿ ಬಿಯರ್ ಮಾಡುವ ಸದಸ್ಯರಿಗೆಂದು ಸಂಘದಲ್ಲಿ ಕೆಲವು ಉಕ್ಕಿನ ಪೀಪಾಯಿಗಳಿವೆ. ಅವುಗಳ ಮೇಲ್ವಿಚಾರಕ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಈ ಪೀಪಾಯಿಗಳ ಸುತ್ತ ನಮ್ಮಲ್ಲಿ ಒಂದು ಶಿಷ್ಟಾಚಾರ ಬೆಳೆದಿತ್ತು. ತೆಗೆದುಕೊಂಡು ಹೋದವನು ಬಿಯರ್ ಮುಗಿದ ಮೇಲೆ ಪೀಪಾಯಿಯನ್ನು ತೊಳೆದು, ರೋಗಾಣು ಕೊಲ್ಲುವ ಆಸಿಡ್ ನೀರು ಹಾಕಿ ಕುಲುಕಿ ಚೆಲ್ಲಿ, ಮುಚ್ಚಳ ಹಾಕಿ, ಒಂದಿಷ್ಟು ಗ್ಯಾಸು ತುಂಬಿ ಹಿಂದಿರುಗಿಸಬೇಕು. ಮುಂದಿನವನು ಮುಚ್ಚಳದ ಮೇಲಿನ ಉಂಗುರ ಎಳೆದಾಗ ಅದು ಬುಸ್ ಎನ್ನಬೇಕು. ಬುಸ್ ಎಂದರೆ ಒಳಗೆ ಚೊಕ್ಕಟ. ಮುಚ್ಚಳ ತೆಗೆದು ಇಣುಕಿದರೆ ಒಳಗೋಡೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಬಿಯರ್ ಸುರಿಯಬಹುದು. ಆದರೆ ಕೊಳೆ ಕೂರುವುದು ಗೋಡೆಯ ಮೇಲಲ್ಲ. ಮೇಲೆ ಎರಡು ಮೂತಿಗಳಿವೆ, ಒಂದು ಗ್ಯಾಸು ಹೋಗಲು, ಇನ್ನೊಂದು ಬಿಯರ್ ಬರಲು. ಬಿಯರಿನ ಮೂತಿಯಿಂದ ತಳದವರೆಗೆ ಇಳಿಯುವ ಉದ್ದನೆಯ ಕೊಳವೆಯಲ್ಲಿ, ಅದರ ಕೊರಳಿಗೆ ಬಿಗಿದ ರಬ್ಬರ್ ರಿಂಗಿನ ಸಂದಿಯಲ್ಲಿ ಅದು ಕೂರುತ್ತದೆ. ನೋಡಬೇಕಾದರೆ ಮೂತಿಗೆ ಸ್ಪ್ಯಾನರ್ ಹಾಕಿ ಬಿಚ್ಚಬೇಕು. ಬುಸ್ ಎಂದ ಪೀಪಾಯಿಯ ಮೂತಿಯನ್ನು ನಮ್ಮಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದಕ್ಕೆ ಸಮ ಅದು.

ಬುಸ್ ಎನ್ನುವ ಸದ್ದು ಗ್ಯಾಸು ಸೋರಿಲ್ಲವೆಂದು ಹೇಳುತ್ತದೆಯೇ ಹೊರತು ಬೇರೇನನ್ನೂ ಹೇಳುವುದಿಲ್ಲ. ಒಳಗೆ ಸತ್ತ ಇಲಿಯನ್ನಿಟ್ಟು ಗ್ಯಾಸು ತುಂಬಿದರೂ ಅದು ಅಷ್ಟೇ ಸೊಗಸಾಗಿ ಬುಸ್ ಎನ್ನುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಬಿಯರ್ ತುಂಬುವ ದಿನ ಅದೆಮಾರ್ ತಾನೇ ನಾಲ್ಕು ಪೀಪಾಯಿಗಳನ್ನು ಅಂಗಡಿಯ ವ್ಯಾನಿನಲ್ಲಿ ಹಾಕಿಕೊಂಡು ಬಂದ. ಸಾಲಾಗಿ ನಿಲ್ಲಿಸಿ ಒಂದೊಂದರ ಉಂಗುರವನ್ನೂ ಎಳೆದ. ನಾಲ್ಕೂ ಬುಸ್ ಎಂದವು. ಪ್ರತಿ ಸಲವೂ ಅವನು ಹುಬ್ಬು ಏರಿಸಿ ನಮ್ಮತ್ತ ನೋಡಿದ, ತಾನೇ ಉಸಿರು ಬಿಟ್ಟ ಹಾಗೆ. ಇರಾಸಿ ಅಷ್ಟರಲ್ಲಿ ತನ್ನ ಸ್ವಂತ ಪೀಪಾಯಿಯನ್ನು ಎಲುಬು ಎಲುಬಾಗಿ ಬಿಡಿಸಿ, ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, ಕೊಳವೆಗೆ ಉದ್ದ ಬ್ರಷ್ಷು ತೂರಿಸಿ ಉಜ್ಜಿ, ಗಲಬರಿಸಿ, ರಿಂಗುಗಳನ್ನು ಆಸಿಡ್ ನೀರಿನ ಬಟ್ಟಲಲ್ಲಿ ಹಾಕಿದ್ದಳು. ಮಗುವಿಗೆ ಎಣ್ಣೆ ನೀರು ಹಾಕ್ತಿದೀಯೇನಮ್ಮ ಎಂದು ಅದೆಮಾರ್ ನಕ್ಕ. ಅವಳೂ ನಕ್ಕಳು. ನಕ್ಕು, ಸ್ಪ್ಯಾನರನ್ನು ಅವನು ತಂದ ಮೊದಲ ಪೀಪಾಯಿಯ ಕಡೆಗೆ ಒಯ್ದಳು.

"ಅದಕ್ಕೆ ಸ್ಪ್ಯಾನರ್ ಯಾಕೆ?" ಅದೆಮಾರ್ ಕೇಳಿದ.

"ಒಂದ್ಸಲ ಕೊಳವೆ ತೆಗೆದು ನೋಡ್ಬಿಡ್ತೀನಿ ಭಾವ. ನನ್ನ ಸಮಾಧಾನಕ್ಕೆ."

"ಬುಸ್ ಅಂದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ? ಆಸಿಡ್ ಹಾಕಿದ್ದು ನಾನು. ನನ್ನ ಕೈ ಮೇಲೆ ನಂಬಿಕೆ ಇಲ್ಲ ಅನ್ನೋದಾದ್ರೆ ಬಾಯಿಬಿಟ್ಟು ಹೇಳ್ಬಿಡು. ನಾಲ್ಕನ್ನೂ ವ್ಯಾನಿಗೆ ಹಾಕ್ಕೊಂಡು ಹೋಗ್ತೀನಿ."

ಲಾವ್ರೊ ಹೆಂಡತಿಯ ಮುಖ ನೋಡಿದ. ಆ ನೋಟದಲ್ಲಿ ಅಣ್ಣತಮ್ಮ ಒಂದೇ ತೊಟ್ಟಿಲಲ್ಲಿ ಬೆಳೆದದ್ದು, ಸತ್ತ ತಾಯಿ, ಕ್ರಿಸ್‌ಮಸ್ ಊಟ ಎಲ್ಲವೂ ಇದ್ದವು. ಬಿಡೇ ಇರಾಸಿ ಎಂದು ಮೆಲ್ಲಗೆ ಹೇಳಿದ. ಇರಾಸಿ ಸ್ಪ್ಯಾನರನ್ನು ಡ್ರಾಯರಿಗೆ ಹಾಕಿ ನೂಕಿದ ರಭಸಕ್ಕೆ ಮೇಲಿನ ಶೆಲ್ಫಿನ ಪಿಂಗಾಣಿ ಬಟ್ಟಲುಗಳು ನಡುಗಿದವು. ಐದು ಪೀಪಾಯಿಗೂ ಒಂದೇ ಹಂಡೆಯ ಬಿಯರ್ ತುಂಬಿತು. ಒಂದೊಂದಕ್ಕೂ ಒಂದು ಹಿಡಿ ಸಕ್ಕರೆ ಸೇರಿಸಿ, ಗ್ಯಾಸು ತಾನಾಗಿ ಹುಟ್ಟಲೆಂದು ನೆಲಮಾಳಿಗೆಯಲ್ಲಿ ಇಟ್ಟರು.

ಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ಇರಾಸಿ ರುಚಿ ನೋಡಲು ನನ್ನನ್ನು ಕರೆದಳು. ಮೊದಲು ಅವಳ ಸ್ವಂತ ಪೀಪಾಯಿಯದು. ಬೇಕರಿಯ ಬಾಗಿಲು ಬೆಳಿಗ್ಗೆ ತೆಗೆದಾಗ ಬರುವ ವಾಸನೆ ಅದಕ್ಕಿತ್ತು. ಕೊನೆಯಲ್ಲಿ ಹಿತವಾದ ಕಹಿ. ನಾನು ಲೋಟ ಕೆಳಗಿಡಲಿಲ್ಲ. ಆಮೇಲೆ ಸಂಘದ ಪೀಪಾಯಿ. ಬಾಯಿಗಿಟ್ಟ ಕೂಡಲೇ ಹಳಸಿದ ಬೆಣ್ಣೆ, ಅದರ ಬೆನ್ನಿಗೇ ನಾಲಿಗೆಯ ಅಂಚನ್ನು ಚಿವುಟುವ ಹುಳಿ. ಎರಡನೆಯದೂ ಹಾಗೆಯೇ. ಮೂರನೆಯದೂ. ನಾಲ್ಕನೆಯದು ಲೋಟಕ್ಕೆ ಬೀಳುವಾಗಲೇ ನೂಲು ನೂಲಾಗಿ ಇಳಿಯುತ್ತಿತ್ತು. ಪ್ರತಿಯೊಂದನ್ನೂ ಅವಳು ಒಂದು ಗುಟುಕು ಬಾಯಿಗೆ ಹಾಕಿ ಸಿಂಕಿಗೆ ಉಗಿದಳು. ಅವಳ ಕೊರಳು ಕೆಂಪಗಾಗುತ್ತ ಬಂತು.

ಲಾವ್ರೊ ಅಣ್ಣನಿಗೆ ಫೋನ್ ಮಾಡಿದ. ಅವನು ಬಂದ, ಮೂಸಿದ, ದುಃಖದ ಮುಖ ಮಾಡಿದ. ಅದೆಮಾರ್‌ಗೆ ದುಃಖದ ಮುಖ ಚೆನ್ನಾಗಿ ಒಪ್ಪುತ್ತದೆ, ಸಾವಿನ ಮನೆಯಲ್ಲೆಲ್ಲ ಅವನನ್ನೇ ಮುಂದೆ ಕೂರಿಸುತ್ತಾರೆ. ಬೇಕರಿಯವರ ಮನೆ, ಗಾಳಿಯಲ್ಲೆಲ್ಲ ರೊಟ್ಟಿಯ ಯೀಸ್ಟು ಹಾರಾಡುತ್ತಿರುತ್ತದೆ, ಅದು ಬಿಯರಿಗೆ ಬಿದ್ದರೆ ಹೀಗೇ ಆಗುವುದು, ಇದರಲ್ಲಿ ಅವಳ ತಪ್ಪೇನೂ ಇಲ್ಲ ಎಂದು ಸಮಾಧಾನ ಹೇಳಿದ. ಹಾಗಾದರೆ ಅದೇ ಹಂಡೆಯಿಂದ, ಅದೇ ಗಾಳಿಯಲ್ಲಿ, ಅದೇ ದಿನ ನನ್ನ ಪೀಪಾಯಿಗೆ ತುಂಬಿದ್ದು ಯಾಕೆ ಕೆಡಲಿಲ್ಲ ಎಂದು ಇರಾಸಿ ಕೇಳಿದಳು. ಅದು ಅದೃಷ್ಟ ಎಂದ. ಅವಳು ಅಲ್ಲೇ ಒಂದು ಪೀಪಾಯಿಯ ಕೊಳವೆ ಬಿಚ್ಚಿ ಒಳಗಿನ ಲೋಳೆ ತೋರಿಸಿದಳು. ಮೂರು ವಾರ ನಿನ್ನ ಬಿಯರ್ ಇದ್ದ ಕೊಳವೆ ತಾನೆ, ಲೋಳೆಯೂ ನಿನ್ನದೇ ಎಂದ. ಅವಳು ಕೊಳವೆ ಕೆಳಗಿಟ್ಟು ಬಟ್ಟೆಯಿಂದ ಕೈ ಒರೆಸಿಕೊಂಡಳು.

"ಯೋಚನೆ ಮಾಡ್ಬೇಡ" ಎಂದು ಅದೆಮಾರ್ ಏಳುತ್ತ ಹೇಳಿದ. "ಕಾರ್ಖಾನೆಗೆ ಹೇಳಿಟ್ಟಿದೀನಿ. ಭಾನುವಾರ ಬೆಳಿಗ್ಗೆ ಬಂದುಬಿಡುತ್ತೆ."

"ಯಾವಾಗ ಹೇಳಿದ್ರಿ?"

"ನೀನು ಗೆದ್ದ ವಾರನೇ. ಇರಲಿ ಅಂತ."

ಇರಾಸಿ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. "ಅಂದ್ರೆ ನಾನು ಒಲೆ ಹಚ್ಚೋಕ್ ಮುಂಚೆನೇ ನನ್ನ ಬಿಯರ್ ಕೆಟ್ಟಿತ್ತು, ನಿಮ್ಮ ಪಾಲಿಗೆ."

ಲಾವ್ರೊ ಒಣಗಿದ ಲೋಟವೊಂದನ್ನು ಒರೆಸುತ್ತಲೇ ಇದ್ದ. ಅದೆಮಾರ್ ಹೋದ ಮೇಲೆ ಅವಳು ನಾಲ್ಕೂ ಪೀಪಾಯಿಗಳನ್ನು ರಸ್ತೆಯಂಚಿನ ಚರಂಡಿಗೆ ಬಗ್ಗಿಸಿದಳು. ಸಹಾಯಕ್ಕೆ ಕೈ ಚಾಚಿದ ಗಂಡನನ್ನು ಮೊಣಕೈಯಿಂದ ಸರಿಸಿದಳು. ಆ ಕಡೆ ಹೊರಟ ನನ್ನ ಬಾತುಗಳನ್ನು ನಾನು ಕರೆದು ಕೂಡಿಹಾಕಬೇಕಾಯಿತು. ಬೇಲಿಯಾಚೆಯಿಂದ ಅವಳು ಅಂದದ್ದನ್ನು ಕೇಳಿಸಿಕೊಂಡೆ. ಸ್ಪ್ಯಾನರ್ ಡ್ರಾಯರಲ್ಲಿಟ್ಟ ಈ ಕೈಗೆ ಬೆಂಕಿ ಬೀಳ ಎನ್ನುತ್ತಿದ್ದಳು. ಭಾವನ ಮೇಲಿನ ಕೋಪಕ್ಕಿಂತ ತನ್ನ ಮೇಲಿನ ಕೋಪವೇ ಹೆಚ್ಚಿನದೆಂದು ನನಗೆ ತೋರಿತು.

ಶುಕ್ರವಾರ ಸಂಜೆ ಸಂಘದ ಮನೆಯಲ್ಲಿ ಎಂದಿನ ಹಾಗೆ ಎಲ್ಲರೂ ಸೇರಿದ್ದೆವು. ಹೊಗೆಯಲ್ಲಿ ಒಣಗಿಸಿದ ಸಾಸೇಜು, ಮೂಲಂಗಿ, ಭಾನುವಾರದ ಮೆರವಣಿಗೆಯ ಮಾತು. ಮೂಲೆಯ ಕಟಕಟೆಯೊಳಗೆ ಇನ್ನೂ ಎರಡು ಪೀಪಾಯಿಗಳು ತೊಳೆದು ಗ್ಯಾಸು ತುಂಬಿ ನಿಂತಿದ್ದವು. ಇರಾಸಿ ಏಪ್ರನ್ ಕಟ್ಟಿಕೊಂಡು, ಒಂದು ಬಿಳಿ ಬೋಗುಣಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಕೂಕಾ ತಂದಳೆಂದು ತಿಳಿದು ಕೆಲವರು ಜಾಗ ಬಿಟ್ಟುಕೊಟ್ಟರು. ಅವಳು ನೆಟ್ಟಗೆ ಕಟಕಟೆಯ ಮುಂದೆ ಹೋಗಿ ನಿಂತಳು.

ಎಲ್ಲರಿಗೂ ಕೇಳುವಂತೆ, ದನಿ ಏರಿಸದೆ, ಅದೆಮಾರ್‌ನನ್ನು ಒಂದೊಂದಾಗಿ ಕೇಳಿದಳು. ಈ ಎರಡನ್ನೂ ಸಿದ್ಧ ಮಾಡಿದ್ದು ಯಾರು? ತಾನೇ ಎಂದ. ಆಸಿಡ್ ಹಾಕಿತ್ತೇ? ಮೂಗು ಉರಿಯುವಷ್ಟು ಎಂದ. ಆಮೇಲೆ ಬೇರೆ ಯಾರಾದರೂ ಮುಟ್ಟಿದ್ದಾರೆಯೇ? ಕಟಕಟೆಯ ಬೀಗದ ಕೈ ತನ್ನ ಜೇಬಿನಲ್ಲಿದೆ ಎಂದು ಜೇಬು ತಟ್ಟಿ ತೋರಿಸಿ, ತೆಗೆದೂ ಕೊಟ್ಟ. ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಇರಾಸಿ ಒಂದು ಪೀಪಾಯಿಯನ್ನು ಹೊರಗೆಳೆದು ಉಂಗುರ ಎತ್ತಿದಳು. ಅದು ದೀರ್ಘವಾಗಿ, ನಿರ್ಮಲವಾಗಿ ಬುಸ್ ಎಂದಿತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಗ್ಯಾಸು ಪೂರ್ತಿ ಹೋಗುವವರೆಗೂ ಅವಳು ಕಾದಳು. ಆಮೇಲೆ ಏಪ್ರನ್ ಜೇಬಿನಿಂದ ಸ್ಪ್ಯಾನರ್ ತೆಗೆದಳು.

ಸಾಸೇಜು ಕಚ್ಚುವ ಸದ್ದೂ ನಿಂತಿತು.

"ಇರಾಸಿ, ಇಟ್ಬಿಡು ಅದನ್ನ" ಎಂದ ಅದೆಮಾರ್. "ಈ ಮನೇಲಿ ಇವತ್ತಿನ ತನಕ ಬುಸ್ ಅಂದ ಪೀಪಾಯಿಗೆ ಯಾರೂ ಸ್ಪ್ಯಾನರ್ ಹಾಕಿಲ್ಲ."

"ಅದನ್ನೇ ಭಾವ ನಾನೂ ಹೇಳ್ತಿರೋದು."

ಮೂತಿ ಒಂದು ಸಲ ಕಿರುಗುಟ್ಟಿ ಸಡಿಲವಾಯಿತು. ಅವಳು ಕೊಳವೆಯನ್ನು ಮೆಲ್ಲಗೆ ಮೇಲಕ್ಕೆಳೆದು, ತಲೆಕೆಳಗು ಮಾಡಿ, ಬೋಗುಣಿಯ ಅಂಚಿಗೆ ಕುಟ್ಟಿದಳು. ಮೊದಲು ಏನೂ ಬರಲಿಲ್ಲ. ಅದೆಮಾರ್‌ನ ಹುಬ್ಬು ಏರಲು ಶುರುವಾಯಿತು. ಅವಳು ಬ್ರಷ್ಷು ತೂರಿಸಿ ನೂಕಿದಳು. ಶೀತದ ಮೂಗಿನಿಂದ ಬರುವಂಥ ಕಂದು ಬಣ್ಣದ ಲೋಳೆ ಉದ್ದಕ್ಕೆ ಜಾರಿ ಬಿಳಿ ಬೋಗುಣಿಯ ನಡುವೆ ಕುಳಿತುಕೊಂಡಿತು. ವಾಸನೆ ನಿಧಾನವಾಗಿ ಎದ್ದು ಮೇಜುಗಳ ಮೇಲೆ ಹರಡಿತು. ಹಳಸಿದ ಬೆಣ್ಣೆ. ನನಗೆ ಗುರುತು ಸಿಕ್ಕಿತು. ಇರಾಸಿ ಬೋಗುಣಿಯನ್ನು ಚರ್ಚಿನ ಕಾಣಿಕೆ ತಟ್ಟೆಯ ಹಾಗೆ ಒಬ್ಬೊಬ್ಬರ ಮುಂದೆಯೂ ಹಿಡಿದುಕೊಂಡು ಹೋದಳು. ಕೊನೆಗೆ ಭಾವನ ಮುಂದೆ ನಿಂತಳು.

"ಕೊಳೆ ತೊಳೀದೆ ಅದರ ಮೇಲೆ ಆಸಿಡ್ ಹಾಕಿದ್ರೆ ಏನು ಬಂತು? ಮೈ ತೊಳೀದೆ ಸೆಂಟು ಹೊಡ್ಕೊಂಡೋರ ಪಕ್ಕ ನೀವು ಕೂರ್ತೀರಾ?"

ಅದೆಮಾರ್ ಬೋಗುಣಿಯನ್ನೂ ಅವಳನ್ನೂ ನೋಡಿದ. "ಇದು ನಂದಲ್ಲ. ನನಗಿಂತ ಮುಂಚೆ ಇದನ್ನ ತಗೊಂಡಿದ್ದು ವಿಲ್ಮಾರ್."

ವಿಲ್ಮಾರ್ ಸಂಘದ ಅಧ್ಯಕ್ಷ. ಅವನು ತನಗೆ ಬಂದಾಗಲೇ ಅದು ಬುಸ್ ಎಂದಿತ್ತೆಂದು, ತಾನೂ ಬುಸ್ ಎನ್ನಿಸಿಯೇ ಹಿಂದಿರುಗಿಸಿದ್ದೆನೆಂದು ಹೇಳಿ, ಅದಕ್ಕೂ ಮುಂಚೆ ತೆಗೆದುಕೊಂಡಿದ್ದವನ ಹೆಸರು ಎತ್ತಿದ. ಹೆಸರು ಹೇಳಿಸಿಕೊಂಡವನು ಎದ್ದು ನಿಂತು ಇನ್ನೊಬ್ಬನ ಕಡೆ ಬೆರಳು ತೋರಿಸಿದ. ಐದು ನಿಮಿಷದಲ್ಲಿ ಆ ಲೋಳೆಗೆ ಕೋಣೆಯಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಜನ ವಾರಸುದಾರರಾಗಿದ್ದರು, ಮತ್ತು ಅವರೆಲ್ಲರ ಸಿಟ್ಟು, ಹೇಗೋ ಏನೋ, ಅದೆಮಾರ್‌ನನ್ನು ದಾಟಿ ಬೋಗುಣಿ ಹಿಡಿದು ನಿಂತಿದ್ದವಳ ಕಡೆಗೆ ತಿರುಗಿತ್ತು. ಅವರ ಪರವಾಗಿ ಮಾತಾಡಿದವಳು ನಮ್ಮೆಲ್ಲರಿಗೂ ಹಿರಿಯಳಾದ ಹೆಡಿ.

"ಹೊಲಸು ಇತ್ತು, ನಿಜ ಕಣೇ" ಎಂದಳು. "ಆದ್ರೂ ಎಲ್ಲರ ಮುಂದೆ ಹೀಗೆ ಬಿಚ್ಚಬಾರದಿತ್ತು."

"ಎಲ್ಲರ ಮುಂದೆ ಕುಡಿಸಬಹುದಿತ್ತಾ, ಹೆಡಿ ಅತ್ತೆ?"

ವಿಲ್ಮಾರ್ ಗಂಟಲು ಸರಿಮಾಡಿಕೊಂಡು ಒಂದು ರಾಜಿ ಸೂಚಿಸಿದ. ಭಾನುವಾರ ರಾಣಿಯ ಮನೆಯಲ್ಲಿ ಕಾರ್ಖಾನೆಯ ಬಿಯರೇ ನಡೆಯಲಿ, ಅವಳ ಒಂದು ಪೀಪಾಯಿಯನ್ನು ಕೊನೆಯಲ್ಲಿ ರುಚಿಗೆಂದು ಕೊಡಲಿ, ಹಬ್ಬದ ಕಳೆ ಕೆಡುವುದು ಬೇಡ. ಇದು ನ್ಯಾಯವಾದ ಮಾತೆಂದು ಎಲ್ಲರೂ ತಲೆಯಾಡಿಸಿದರು. ಇರಾಸಿ ಬೋಗುಣಿಯನ್ನು ಅಧ್ಯಕ್ಷರ ಮೇಜಿನ ಮೇಲೆ, ಸಾಸೇಜಿನ ತಟ್ಟೆಗೆ ತಾಗಿದಂತೆ ಇಟ್ಟು ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಟೈರ್ ಅಂಗಡಿಯ ವ್ಯಾನು ಅವಳ ಗೇಟಿನ ಮುಂದೆ ಬಂದು ನಿಂತಿತು. ಹಿಂದೆ ಕಾರ್ಖಾನೆಯ ದೊಡ್ಡ ಪೀಪಾಯಿಗಳು, ನಲ್ಲಿ, ಮಂಜುಗಡ್ಡೆ. ಇರಾಸಿ ಹಸಿರು ಕೋಟಿನ ಮೇಲೆ ಪದಕಗಳ ಸರ ಹಾಕಿಕೊಂಡು ಗೇಟಿಗೆ ಒರಗಿ ನಿಂತಿದ್ದಳು. ಅದೆಮಾರ್ ಹಾರನ್ ಹೊಡೆದ. ಅವಳು ಅಲ್ಲಾಡಲಿಲ್ಲ. ಅವನು ತಮ್ಮನನ್ನು ಕೂಗಿದ. ಲಾವ್ರೊ ಬಾಗಿಲವರೆಗೆ ಬಂದು, ಅಣ್ಣನನ್ನೂ ಹೆಂಡತಿಯ ಬೆನ್ನನ್ನೂ ನೋಡಿ, ಒಳಗೆ ಹೋಗಿ ಲೋಟಗಳ ತಟ್ಟೆ ಹಿಡಿದುಕೊಂಡು ಬಂದ. ಬಂದವನು ಅಂಗಳದಲ್ಲಿ ಅವಳ ಒಂದೇ ಒಂದು ಪೀಪಾಯಿಯ ಪಕ್ಕ ಲೋಟಗಳನ್ನು ಜೋಡಿಸತೊಡಗಿದ. ವ್ಯಾನು ರಸ್ತೆ ದಾಟಿ ನನ್ನ ಬೇಲಿಯ ಪಕ್ಕದ ಬಿಸಿಲಿಗೆ ಹೋಗಿ ನಿಂತಿತು. ನನ್ನನ್ನು ಕೇಳಲಿಲ್ಲ.

ಮಧ್ಯಾಹ್ನದ ಧಗೆಯಲ್ಲಿ ನಾವು ಊದುತ್ತ ಬಂದೆವು. ಇರಾಸಿ ನಲ್ಲಿಯ ಬಳಿ ನಿಂತು ತಾನೇ ಸುರಿದು ಕೊಟ್ಟಳು, ಸಣ್ಣ ಲೋಟ, ಒಬ್ಬರಿಗೆ ಒಂದು. ಅಷ್ಟು ಒಳ್ಳೆಯ ಬಿಯರನ್ನು ಆ ಸಂಘ ತನ್ನ ಯಾವ ಹಬ್ಬದಲ್ಲೂ ಕುಡಿದಿರಲಿಲ್ಲ. ಚೆನ್ನಾಗಿದೆ ಎಂದರೆ ಶುಕ್ರವಾರದ ಬೋಗುಣಿಯನ್ನು ಒಪ್ಪಿಕೊಂಡಂತೆ ಆಗುತ್ತದಲ್ಲ, ಹಾಗಾಗಿ ಜನ ಕೂಕಾವನ್ನು ಹೊಗಳಿದರು. ಹೆಡಿಯೊಬ್ಬಳು ಖಾಲಿ ಲೋಟವನ್ನು ಎರಡನೆಯ ಸಲ ಚಾಚಿದಳು. ಇರಾಸಿ ಅದನ್ನು ಅಂಚಿನವರೆಗೆ ತುಂಬಿಸಿದಳು. ಅದೆಮಾರ್ ಅಂಗಳಕ್ಕೆ ಬಂದು ಅಭ್ಯಾಸದ ಬಲದಿಂದಲೋ ಏನೋ ನಲ್ಲಿಯ ಕಡೆಗೆ ನಡೆದ.

"ಅಣ್ಣ, ನೀನು ಆ ಕಡೆ ಕೂತ್ಕೋ" ಎಂದ ಲಾವ್ರೊ. "ಇಲ್ಲಿ ನಾವು ನೋಡ್ಕೋತೀವಿ."

ಅದೆಮಾರ್ ತಿರುಗಿ, ರಸ್ತೆ ದಾಟಿ ವ್ಯಾನಿನ ಬಳಿ ಹೋಗಿ ಅದರ ಹಿಂಬಾಗಿಲು ತೆರೆದ.

ಇರಾಸಿಯ ಪೀಪಾಯಿ ಅರ್ಧ ಗಂಟೆಯಲ್ಲಿ ಬರಿದಾಯಿತು. ಆಮೇಲೆ ಅವಳು ಕಾಫಿ ಕೊಟ್ಟಳು. ಮೂವತ್ತು ವರ್ಷದಿಂದ ನಾನು ಊದುತ್ತಿದ್ದೇನೆ, ರಾಣಿಯ ಅಂಗಳದಲ್ಲಿ ಕಾಫಿ ಕುಡಿದದ್ದು ಅದೇ ಮೊದಲು. ಒಬ್ಬೊಬ್ಬರಾಗಿ ಹಸಿರು ಕೋಟುಗಳು ರಸ್ತೆ ದಾಟಿದವು. ವಿಲ್ಮಾರ್ ಬಹಳ ಹೊತ್ತು ಗೇಟಿನಲ್ಲಿ ನಿಂತು ಎರಡೂ ಕಡೆ ನಗುತ್ತಿದ್ದ, ಆಮೇಲೆ ಅವನೂ ದಾಟಿದ. ವ್ಯಾನಿನ ಸುತ್ತ ನಗು, ಲೋಟಗಳ ಸದ್ದು ಜೋರಾಯಿತು. ಇರಾಸಿ ಖಾಲಿ ಪೀಪಾಯಿಯನ್ನು ಅಡುಗೆಮನೆಗೆ ಒಯ್ದು, ಕೋಟಿನ ತೋಳು ಮಡಚಿ, ಮೂತಿಗಳನ್ನು ಬಿಚ್ಚಿ, ಕೊಳವೆಯನ್ನು ಬಿಸಿನೀರಿಗೆ ಹಾಕಿ ಬಂದಳು. ಬ್ಯಾಂಡಿನವರಿಗೆ ಹೊರಡೋಣ ಎಂದಳು.

ಮೆರವಣಿಗೆ ಅರ್ಧ ಜನರೊಂದಿಗೆ ಹೊರಟಿತು. ಉಳಿದವರು ವ್ಯಾನು ಖಾಲಿಯಾದ ಮೇಲೆ ಬಂದರು. ಆ ದಿನ ರಾಣಿಯ ಅಂಗಳದಲ್ಲಿ ಅವಳ ಬಿಯರ್ ಅಲ್ಲದೆ ಬೇರೆ ಬಿಯರ್ ಹರಿಯಲಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಅದೆಮಾರ್‌ನನ್ನು ಪೀಪಾಯಿಗಳ ಮೇಲ್ವಿಚಾರಕನಾಗಿ ಅವಿರೋಧವಾಗಿ ಮುಂದುವರಿಸಲಾಯಿತು. ಇರಾಸಿ ಪದಕಗಳನ್ನು ಹಿಂದಿರುಗಿಸಿ ಸಂಘ ಬಿಟ್ಟಳು.